ತಗಡಿನ ಡಬ್ಬ, ನೀಲಿ ದಾರಿ

ಒಂದು ಮರದ ಮಂಚ, ಅದರ ಮೇಲೆ ಮಲಗುಚೀಲ. ಐಸ್ ತುಂಬಿಸಿಡುವ ಪೆಟ್ಟಿಗೆ. ಪ್ಲಾಸ್ಟಿಕ್ ಬೋಗುಣಿ. ಪುಟ್ಟದೊಂದು ಸ್ಟೌ. ಎತ್ತಿಡಬಹುದಾದ ಕಕ್ಕಸು. ರಿಪೇರಿ ಸಾಮಾನಿನ ಡಬ್ಬ, ರಸ್ತೆ ನಕ್ಷೆಗಳ ಪುಸ್ತಕ, ಸಣ್ಣ ಟೇಪ್ ರೆಕಾರ್ಡರ್, ಎರಡು ನಿಕಾನ್ ಕ್ಯಾಮೆರಾ, ನೋಟುಪುಸ್ತಕಗಳು. ಓದಲು ಎರಡೇ ಪುಸ್ತಕ: ವಾಲ್ಟ್ ವಿಟ್ಮನ್ ಕವಿಯ ‘ಲೀವ್ಸ್ ಆಫ್ ಗ್ರಾಸ್’ ಮತ್ತು ಜಾನ್ ನೀಹಾರ್ಟ್ ಬರೆದುಕೊಂಡ ‘ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್’. 1978ರ ಮಾರ್ಚ್‌ನಲ್ಲಿ, ವಸಂತದ ಮೊದಲ ದಿನ, ಮಿಸೌರಿ ರಾಜ್ಯದ ಕೊಲಂಬಿಯಾದಿಂದ ಹೊರಟ 1975ರ ಮಾಡೆಲಿನ ಫೋರ್ಡ್ ಎಕನೊಲೈನ್ ವ್ಯಾನಿನೊಳಗೆ ಇದ್ದ ಸಂಸಾರ ಹೆಚ್ಚುಕಡಿಮೆ ಇಷ್ಟೇ. ಆರು ಅಡಿ ಅಗಲ, ಹತ್ತು ಅಡಿ ಉದ್ದ. ತಗಡು ಬಡಿದುಕೊಳ್ಳುತ್ತಿದ್ದ ಆ ಗಾಡಿಯೊಳಗೆ ಮಲಗುವ ಕೋಣೆ, ಅಡುಗೆಮನೆ, ಬಚ್ಚಲು, ಜಗಲಿ ಎಲ್ಲವನ್ನೂ ಸ್ವಂತ ಕೈಯಲ್ಲಿ ಹೊಂದಿಸಿಕೊಂಡವರು ವಿಲಿಯಂ ಲೀಸ್ಟ್ ಹೀಟ್-ಮೂನ್. ಹಿಂದಿನ ಟೈರುಗಳು ಸವೆದಿದ್ದವು. ವಾಟರ್ ಪಂಪು ಒಳಗೊಳಗೇ ಕುಟ್ಟುತ್ತಿತ್ತು. ಅದು ಕಿವಿಗೆ ಬೀಳುತ್ತಿದ್ದರೂ ಹೊರಟರು.

ಅವರ ‘ಬ್ಲೂ ಹೈವೇಸ್’ 1982ರಲ್ಲಿ ಪ್ರಕಟವಾಯಿತು. ಒಂಟಿಯಾಗಿ ಗಾಡಿಯೇರಿ ಹೊರಟವರ ಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಇದನ್ನೇ. ಈಚೆಗೆ ನಮ್ಮಲ್ಲೂ ಟೆಂಪೊ ಟ್ರಾವೆಲರ್‌ಗಳನ್ನು, ಹಳೆಯ ವ್ಯಾನುಗಳನ್ನು ಮನೆಯಾಗಿ ಮಾರ್ಪಡಿಸಿಕೊಂಡು ಹೊರಡುವ ಉತ್ಸಾಹ ಕಾಣುತ್ತಿದೆ. ಹೊರಡುವ ಮೊದಲು ಈ ಪುಸ್ತಕವನ್ನು ಓದಬೇಕು, ಓದಿ ಅದರೊಂದಿಗೆ ಜಗಳವನ್ನೂ ಆಡಬೇಕು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೊರಟಾಗ ಹೀಟ್-ಮೂನ್ ಅವರಿಗೆ 38 ವರ್ಷ. ಆ ಫೆಬ್ರವರಿಯಲ್ಲಿ, ವಿದ್ಯಾರ್ಥಿಗಳ ಸಂಖ್ಯೆ ಇಳಿದ ಕಾರಣಕ್ಕೆ, ಕಾಲೇಜಿನ ಮೇಷ್ಟರ ಕೆಲಸ ಹೋಗಿತ್ತು. ಹೆಂಡತಿ ಬೇರೆಯಾಗಿ ತಿಂಗಳುಗಳಾಗಿದ್ದವು. ಆಕೆಯ ಬದುಕಿನಲ್ಲಿ ಇನ್ನೊಬ್ಬ ಗೆಳೆಯ ಬಂದಿದ್ದಾನೆಂಬ ಸುದ್ದಿಯೂ ಕೆಲಸ ಹೋದ ದಿನವೇ ಗೊತ್ತಾಯಿತು. ಜೇಬಿನಲ್ಲಿ 26 ಡಾಲರ್, ಗಾಡಿಯ ಡ್ಯಾಶ್‌ಬೋರ್ಡಿನ ಕೆಳಗೆ ಬಚ್ಚಿಟ್ಟ 428 ಡಾಲರ್, ಪೆಟ್ರೋಲಿಗೆ ನಾಲ್ಕು ಕ್ರೆಡಿಟ್ ಕಾರ್ಡು. ಇಷ್ಟರಲ್ಲಿ ಸುಮಾರು 13,000 ಮೈಲಿ ಸುತ್ತಿ, ದೇಶದ ಅಂಚಿಗೆ ಒಂದು ದೊಡ್ಡ ವರ್ತುಲ ಬರೆದು ಮರಳಿದರು. ಹಳೆಯ ನಕ್ಷೆಗಳಲ್ಲಿ ಮುಖ್ಯ ರಸ್ತೆಗಳಿಗೆ ಕೆಂಪು ಬಣ್ಣ, ಹಿಂದಣ ದಾರಿಗಳಿಗೆ ನೀಲಿ. ಪುಸ್ತಕದ ಹೆಸರು ಬಂದದ್ದು ಅಲ್ಲಿಂದ. 1956ರ ಹೆದ್ದಾರಿ ಕಾಯ್ದೆಯ ನಂತರ ಅಮೆರಿಕದಲ್ಲಿ ಇಂಟರ್‌ಸ್ಟೇಟ್ ರಸ್ತೆಗಳ ಜಾಲ ಹರಡಿಕೊಂಡಿತು, ಊರುಗಳು ಪಕ್ಕಕ್ಕೆ ಸರಿದವು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬರುವ ನಮ್ಮ ಕಡೆಯ ತಂದೆತಾಯಂದಿರು ನೋಡಿಬರುವುದೂ ಬಹುಪಾಲು ಆ ಇಂಟರ್‌ಸ್ಟೇಟ್‌ಗಳ ಅಮೆರಿಕವನ್ನೇ. ಹೀಟ್-ಮೂನ್ ಹಟ ಹಿಡಿದು ಅದನ್ನು ಬಿಟ್ಟರು.

ಪುಸ್ತಕದ ಹಿರಿಮೆ ರಸ್ತೆಯಲ್ಲಿದೆ ಎಂದು ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಇರುವುದು ಗಾಡಿಯ ಅರೆಕೊರೆಯಲ್ಲಿ. ಆ ವ್ಯಾನು ಮಲಗಲು ಸಾಕು, ಬದುಕಲು ಸಾಲದು. ಒಳಗೆ ನೆಟ್ಟಗೆ ಕೂತು ಉಣ್ಣುವ ಜಾಗವಿಲ್ಲ, ಮಾತಿಗೆ ಜನವಿಲ್ಲ, ಸ್ನಾನವಿಲ್ಲ. ಹಾಗಾಗಿ ಬೆಳಗಾದರೆ ಹೊರಗೆ ಇಳಿಯಲೇಬೇಕು, ಯಾವುದಾದರೂ ಕೆಫೆಯ ಬಾಗಿಲು ತಳ್ಳಲೇಬೇಕು. ಊರಿನ ಹೋಟೆಲು ಹೇಗಿದೆಯೆಂದು ಗೋಡೆಯ ಮೇಲಿನ ಕ್ಯಾಲೆಂಡರ್ ಎಣಿಸಿ ಹೇಳಬಹುದು ಎಂಬ ಅವರ ಲೆಕ್ಕ ತುಂಬ ಹೆಸರಾಗಿದೆ. ಒಂದೂ ಇಲ್ಲದಿದ್ದರೆ ಅದು ಹೆದ್ದಾರಿಯ ಊಟ, ನಾಲ್ಕೈದು ಇದ್ದರೆ ಕಣ್ಣುಮುಚ್ಚಿ ಕೂರಬಹುದು. ಓದಿ ನಕ್ಕು ಮುಂದೆ ಹೋಗುವ ಮಾತಲ್ಲ ಅದು. ಕ್ಯಾಲೆಂಡರ್ ಕೊಟ್ಟವರು ಆ ಊರಿನ ಬ್ಯಾಂಕಿನವರು, ಬೀಜ-ಗೊಬ್ಬರದ ಅಂಗಡಿಯವರು. ಅವರೆಲ್ಲ ಅಲ್ಲೇ ಉಣ್ಣುತ್ತಾರೆ ಎಂದರ್ಥ. ನಮ್ಮ ಖಾನಾವಳಿಗಳಲ್ಲೂ ಸಹಕಾರಿ ಪತ್ತಿನ ಸಂಘದ್ದು, ಕಿರಾಣಿ ಅಂಗಡಿಯದು, ಮಠದ್ದು ಎಂದು ಗೋಡೆ ತುಂಬ ನೇತಾಡುತ್ತವಲ್ಲ, ಅದೇ ಲೆಕ್ಕ.

ಗಾಡಿಯ ಅರೆಕೊರೆಯ ಈ ಮಾತು ನನಗೆ ತಲೆಗೆ ಹತ್ತಿದ್ದು ಓದಿನಿಂದ ಮಾತ್ರ ಅಲ್ಲ. ಕೆಲವು ವರ್ಷಗಳ ಕೆಳಗೆ ಹಳೆಯ ಓಮ್ನಿಯ ಹಿಂದಿನ ಸೀಟು ಮಡಚಿ, ಬಡಗಿಯಿಂದ ಪ್ಲೈವುಡ್ ಹಲಗೆ ಕೊಯ್ಯಿಸಿ ಕೂರಿಸಿ, ಧಾರವಾಡದಿಂದ ಬೀದರಿನ ತನಕ ಒಬ್ಬನೇ ಹೋಗಿದ್ದೆ. ಮೊದಲ ರಾತ್ರಿ ಆಲಮಟ್ಟಿಯ ಹತ್ತಿರ. ಕಿಟಕಿ ಪೂರ್ತಿ ಏರಿಸಿ ಮಲಗಿದ್ದೆ. ಬೆಳಗಿನ ಜಾವ ನನ್ನದೇ ಉಸಿರು ತಗಡಿನ ಚಾವಣಿಗೆ ತಾಗಿ, ನೀರಾಗಿ, ಹನಿ ಹನಿಯಾಗಿ ಹಣೆಯ ಮೇಲೆ ಬೀಳುತ್ತಿತ್ತು. ಎದ್ದವನೇ ಸ್ಟೌ ಹಚ್ಚಿ ಚಹಾ ಮಾಡಿಕೊಂಡೆ. ಅವಲಕ್ಕಿ, ಚಟ್ನಿಪುಡಿ, ಬಾಳೆಹಣ್ಣು ಎಲ್ಲ ಜೊತೆಗಿತ್ತು. ಮೂರು ದಿನ ಪೆಟ್ರೋಲ್ ಬಂಕಿನ ಹುಡುಗರನ್ನು ಬಿಟ್ಟರೆ ಯಾರೊಂದಿಗೂ ನಾಲ್ಕು ಮಾತು ಆಡಿರಲಿಲ್ಲ. ನಾಲ್ಕನೆಯ ದಿನ ಕಲಬುರಗಿಯ ಈಚೆಗೆ ಸ್ಟೌವಿನ ಗ್ಯಾಸು ಮುಗಿಯಿತು. ರಸ್ತೆಬದಿಯ ತಗಡಿನ ಹೋಟೆಲಿನಲ್ಲಿ ಚಹಾ ಕೇಳಿ ಕೂತೆ. ಪಕ್ಕದಲ್ಲಿ ಕೂತಿದ್ದ ಮುದುಕ ಗಾಡಿಯೊಳಗೆ ಇಣುಕಿ, ಹಲಗೆ ಮುಟ್ಟಿ ನೋಡಿ, ‘ಮನ್ಯಾಗ ಜಗಳಾಡಿ ಬಂದೀರೇನು?’ ಎಂದು ಕೇಳಿದ. ಒಂದು ತಾಸು ತೊಗರಿಯ ಮಾತಾಯಿತು: ಹೂ ಕಟ್ಟಿದಾಗ ಮೋಡ ಕವಿದರೆ ಏನಾಗುತ್ತದೆ, ಕಾಯಿಕೊರಕ ಬಂದರೆ ಎಷ್ಟು ಉಳಿಯುತ್ತದೆ. ಆ ಪ್ರಯಾಣದಲ್ಲಿ ನೆನಪಿಟ್ಟುಕೊಳ್ಳುವಂಥದ್ದೆಲ್ಲ ನಡೆದದ್ದು ಸ್ಟೌ ಆರಿದ ಮೇಲೆ.

ಹೀಟ್-ಮೂನ್ ಸಾಮಾನು ಕಡಿಮೆ ಇಟ್ಟುಕೊಂಡದ್ದು ಬರೀ ಬಡತನದಿಂದ ಅಲ್ಲ ಎಂದು ಆಗ ಅರ್ಥವಾಯಿತು. ಮಖಮಲ್ಲಿನ ಮೆತ್ತೆ, ಟೀವಿ, ವೈನಿನ ಗೂಡು ತನ್ನ ಗಾಡಿಯಲ್ಲಿಲ್ಲವೆಂದು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಹೀಗೆ ಇಳಿದು ನಿಂತು ಕಂಡ ಜನರಲ್ಲೇ ಪುಸ್ತಕದ ಜೀವವಿದೆ. ಟೆನೆಸ್ಸಿಯಲ್ಲಿ ನೇಮ್‌ಲೆಸ್ ಎಂಬ ಹೆಸರಿನ ಊರೊಂದು ನಕ್ಷೆಯಲ್ಲಿ ಕಂಡು, ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಅಂಚೆ ಕಚೇರಿಗೆ ಹೆಸರು ಬೇಕೆಂದು ಸೇರಿದ ಜನ ಒಮ್ಮತಕ್ಕೆ ಬರದೆ, ಕೊನೆಗೆ ಹೆಸರಿಲ್ಲದ್ದೇ ಹೆಸರಾಯಿತಂತೆ. ಅಲ್ಲಿಯ ಹಳೆಯ ಅಂಗಡಿಯ ದಂಪತಿ ಅಪರಿಚಿತನನ್ನು ಒಳಗೆ ಕರೆದು ಕೂರಿಸಿ ಮಾತನಾಡಿಸುವ ಪುಟಗಳನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕೆಂಟಕಿಯಲ್ಲಿ ಸಮುದ್ರದಿಂದ ನೂರಾರು ಮೈಲಿ ದೂರದ ಹಿತ್ತಲಲ್ಲಿ ಗಂಡಹೆಂಡಿರಿಬ್ಬರು ಹಡಗು ಕಟ್ಟುತ್ತಿರುತ್ತಾರೆ. ಜಾರ್ಜಿಯಾದ ಕಾನ್ಯರ್ಸ್ ಮಠದಲ್ಲಿ ಸಿಗುವ ಸನ್ಯಾಸಿ ಮೊದಲು ನ್ಯೂಯಾರ್ಕಿನಲ್ಲಿ ಪೊಲೀಸನಾಗಿದ್ದವನು. ಯಾರನ್ನೂ ಲೇಖಕರು ವಿಚಿತ್ರ ಪ್ರಾಣಿಗಳಂತೆ ತೋರಿಸುವುದಿಲ್ಲ. ಪ್ರಶ್ನೆ ಚಿಕ್ಕದು, ಉತ್ತರ ಉದ್ದ. ಆಡಿದವರ ಉಚ್ಚಾರ, ತಡವರಿಕೆ ಹಾಗೆಹಾಗೆಯೇ ಇವೆ. ಕನ್ನಡದಲ್ಲಿ ಇದರ ಪಕ್ಕಕ್ಕಿಡಬಹುದಾದ, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ. ಹೀಟ್-ಮೂನ್ ಆಗ ತಮ್ಮ ಹಸ್ತಪ್ರತಿಯೊಂದಿಗೆ ಒದ್ದಾಡುತ್ತಿದ್ದರು. ಎರಡನ್ನೂ ಓದಿದ ಕನ್ನಡಿಗರಿಗೆ ಒಂದೇ ದೇಶ ಎರಡು ಬಾಗಿಲಿನಿಂದ ಕಾಣುತ್ತದೆ.

ಇಲ್ಲಿ ಜಾನ್ ಸ್ಟೈನ್‌ಬೆಕ್ ಅವರ ‘ಟ್ರಾವೆಲ್ಸ್ ವಿತ್ ಚಾರ್ಲಿ’ಯ ನೆನಪು ಬಾರದಿರದು. 1960ರಲ್ಲಿ ಅವರು ಹೇಳಿ ಮಾಡಿಸಿದ ಮನೆಗೂಡನ್ನು ಜಿಎಂಸಿ ಟ್ರಕ್ಕಿಗೆ ಕೂರಿಸಿ, ಅದಕ್ಕೆ ಡಾನ್ ಕ್ವಿಕ್ಸಾಟನ ಕುದುರೆ ರೊಸಿನಾಂಟೆಯ ಹೆಸರಿಟ್ಟು, ಚಾರ್ಲಿ ಎಂಬ ನಾಯಿಯೊಂದಿಗೆ ಹೊರಟರು. 1962ರಲ್ಲಿ ಪುಸ್ತಕ ಬಂತು, ಅದೇ ವರ್ಷ ನೊಬೆಲ್ ಕೂಡ. ವಾಕ್ಯಗಳ ಚೆಲುವಿನಲ್ಲಿ ಸ್ಟೈನ್‌ಬೆಕ್ ಮುಂದೆ. ಆದರೆ 2010ರಲ್ಲಿ ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತ ಅದೇ ದಾರಿ ಹಿಡಿದು ಹೋಗಿ, ದಿನಾಂಕಗಳನ್ನು ತಾಳೆ ನೋಡಿದಾಗ ಅನೇಕ ಭೇಟಿಗಳು ನಡೆದಿರಲಾರವು ಎಂದು ಕಂಡುಬಂತು. ಒಂಟಿಯೆಂದುಕೊಂಡ ಎಷ್ಟೋ ದಿನಗಳಲ್ಲಿ ಹೆಂಡತಿ ಜೊತೆಗಿದ್ದರು, ಎಷ್ಟೋ ರಾತ್ರಿ ಕಳೆದದ್ದು ಹೋಟೆಲುಗಳಲ್ಲಿ. 2012ರ ಆವೃತ್ತಿಯ ಮುನ್ನುಡಿಯಲ್ಲೇ ಇದನ್ನು ಪೂರ್ತಿ ವರದಿಯೆಂದು ಓದಬೇಡಿ ಎಂಬ ಎಚ್ಚರಿಕೆ ಸೇರಿತು. ಸ್ಟೈನ್‌ಬೆಕ್ ಅವರ ಮೇಲಿನ ನನ್ನ ಪ್ರೀತಿ ಇದರಿಂದ ಕಮ್ಮಿಯಾಗಿಲ್ಲ. ಆದರೂ ರಸ್ತೆಯ ಪುಸ್ತಕದಲ್ಲಿ ಸಿಕ್ಕ ಮನುಷ್ಯ ನಿಜವಾಗಿ ಸಿಕ್ಕಿದ್ದನೇ ಎಂಬುದು ನನಗೆ ಸಣ್ಣ ಪ್ರಶ್ನೆಯಲ್ಲ. ‘ಬ್ಲೂ ಹೈವೇಸ್’ ಪುಟಗಳ ನಡುವೆ ಲೇಖಕರೇ ತೆಗೆದ ಕಪ್ಪುಬಿಳುಪು ಭಾವಚಿತ್ರಗಳಿವೆ. ಮಾತು ಓದಿ, ಪುಟ ತಿರುವಿ ಆ ಮುಖವನ್ನು ನೋಡಿದಾಗ ಮಾತಿನ ತೂಕ ಹೆಚ್ಚುತ್ತದೆ.

ಇನ್ನು ಜಗಳ. ಗಾಡಿಗೆ ಅವರಿಟ್ಟ ಹೆಸರು ‘ಘೋಸ್ಟ್ ಡಾನ್ಸಿಂಗ್’. ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು ಸತ್ತ ಹಿರಿಯರೂ ಕಾಡೆಮ್ಮೆಗಳ ಹಿಂಡೂ ಮರಳಿ ಬರಲೆಂದು ಕುಣಿದ ಕುಣಿತ ಅದು. 1890ರಲ್ಲಿ ವೂಂಡೆಡ್ ನೀಯಲ್ಲಿ ಲಕೋಟಾ ಜನರ ಕಗ್ಗೊಲೆಯೊಂದಿಗೆ ಆ ಆಸೆ ನೆತ್ತರಲ್ಲಿ ನೆಂದಿತು. ಲೇಖಕರ ಮೈಯಲ್ಲಿ ಓಸೇಜ್ ರಕ್ತವೂ ಇಂಗ್ಲಿಷ್, ಐರಿಷ್ ರಕ್ತವೂ ಇದೆ. ತಂದೆ ಹೀಟ್-ಮೂನ್, ಅಣ್ಣ ಲಿಟಲ್ ಹೀಟ್-ಮೂನ್, ಕಿರಿಯನಾದ ತಾನು ಲೀಸ್ಟ್. ದಾಖಲೆಗಳಲ್ಲಿ ವಿಲಿಯಂ ಟ್ರಾಗ್ಡನ್. ಗಾಡಿಯ ಹೆಸರಿನ ಸಂಕೇತ ತುಸು ಭಾರವಾಯಿತೆಂದು ಅವರೇ ಒಪ್ಪುತ್ತಾರೆ. ಒಪ್ಪಿದರೂ ನನಗೆ ಸಮಾಧಾನವಿಲ್ಲ. ಒಬ್ಬ ಮೇಷ್ಟರ ಮುರಿದ ಸಂಸಾರಕ್ಕೂ ಒಂದು ಜನಾಂಗದ ಅಳಿವಿಗೂ ಒಂದೇ ಹೆಸರು ಒಗ್ಗುವುದಿಲ್ಲ.

ಆ ಸಂಕೇತ ಮಾಡಲಾಗದ್ದನ್ನು ಎರಡು ಭೇಟಿಗಳು ಮಾಡುತ್ತವೆ. ಒಂದು ಅಲಬಾಮದ ಸೆಲ್ಮಾದಲ್ಲಿ. 1965ರ ಮಾರ್ಚ್ 7ರಂದು ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಮತದ ಹಕ್ಕು ಕೇಳಿದವರನ್ನು ಬಡಿದ ಊರು ಅದು. ಹದಿಮೂರು ವರ್ಷಗಳ ನಂತರ ಅಲ್ಲಿಗೆ ಬಂದ ಹೀಟ್-ಮೂನ್ ಬಿಳಿಯರೊಂದಿಗೂ ಮಾತನಾಡುತ್ತಾರೆ, ಕಪ್ಪು ಯುವಕರೊಂದಿಗೂ. ಏನು ಬದಲಾಗಿದೆ ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರಗಳ ನಡುವಿನ ಕಂದಕವನ್ನು ತುಂಬಲು ಅವರು ಹೋಗುವುದಿಲ್ಲ. ಇನ್ನೊಂದು ಯೂಟಾದ ಸೀಡರ್ ಸಿಟಿಯಲ್ಲಿ. ವೈದ್ಯನಾಗಿ ತನ್ನ ಜನರ ಬಳಿಗೆ ಮರಳಬೇಕೆಂದಿರುವ ಹೋಪಿ ವಿದ್ಯಾರ್ಥಿಯೊಬ್ಬ ತನ್ನವರ ಅಲೆದಾಟದ ಕಥೆ ಹೇಳುತ್ತಾನೆ: ಒಂದು ಲೋಕದಿಂದ ಇನ್ನೊಂದಕ್ಕೆ ಏರಿಬಂದದ್ದು, ಬದುಕೆಂಬ ಸುತ್ತುದಾರಿ, ಅದರ ಚಕ್ರಬಿಂಬ. ಹುಡುಗ ಇದನ್ನು ಪಾಠದಂತೆ ಒಪ್ಪಿಸುವುದಿಲ್ಲ, ತಾನು ದಿನಾ ನಡೆಯುವ ದಾರಿಯ ಬಗ್ಗೆ ಹೇಳುವವನಂತೆ ಹೇಳುತ್ತಾನೆ.

ನನ್ನ ದೊಡ್ಡ ತಕರಾರು ಬೇರೆ. ಹೆಂಡತಿಯನ್ನು ಅವರು ‘ಚೆರೋಕಿ’ ಎಂದಷ್ಟೇ ಕರೆಯುತ್ತಾರೆ. ಪ್ರಯಾಣ ಹೊರಡಿಸಿದ ನೋವೇ ಆಕೆ. ಆದರೂ ಪುಸ್ತಕದಲ್ಲಿ ಆಕೆಗೆ ಮುಖವಿಲ್ಲ, ಫೋನಿನ ಆಚೆಗಿನ ದನಿಯಾಗಿ ಮಾತ್ರ ಇದ್ದಾಳೆ. ನೇಮ್‌ಲೆಸ್‌ನ ಅಜ್ಜಿಗೆ ಕೊಟ್ಟ ಕಿವಿಯನ್ನು ತನ್ನ ಮನೆಯ ಹೆಂಗಸಿಗೆ ಈ ಮನುಷ್ಯ ಕೊಟ್ಟಿದ್ದನೇ ಎಂಬ ಪ್ರಶ್ನೆ ಓದುತ್ತಿದ್ದಂತೆ ಏಳುತ್ತದೆ. ಪುಸ್ತಕ ಅದನ್ನು ಎತ್ತಿಕೊಳ್ಳುವುದಿಲ್ಲ. ಊರೂರಿನ ಇತಿಹಾಸ ಹೇಳುವ ಪುಟಗಳು ಕೆಲವೆಡೆ ಮೇಷ್ಟರ ಟಿಪ್ಪಣಿಯಂತೆ ಒಣಗಿವೆ. ಅವನ್ನು ದಾಟಿ ಹೋಗಬಹುದು. ಆಕೆಯ ಮೌನವನ್ನು ಹಾಗೆ ದಾಟಲಾಗುವುದಿಲ್ಲ. ಇನ್ನೂ ಒಂದು ಮಾತು: ಗೊತ್ತಿಲ್ಲದ ಊರಿನ ಬೀದಿಯಲ್ಲಿ ಗಾಡಿ ನಿಲ್ಲಿಸಿ ನಿದ್ದೆ ಹೋಗುವ ಧೈರ್ಯ ನೋಡಲು ಬಿಳಿಯನಂತಿರುವ ಗಂಡಸಿಗೆ ಎಷ್ಟು ಸುಲಭವೋ ಸೆಲ್ಮಾದ ಆ ಯುವಕರಿಗೆ ಅಷ್ಟು ಸುಲಭವಿರಲಿಲ್ಲ. ಒಂಟಿ ಹೆಣ್ಣಿಗಂತೂ ಇಲ್ಲವೇ ಇಲ್ಲ. ನನ್ನ ಆಲಮಟ್ಟಿಯ ರಾತ್ರಿಯೂ ಗಂಡಸಿನ ರಾತ್ರಿಯೇ ಆಗಿತ್ತು.

2011ರಲ್ಲಿ ಫಾಸ್ಟರ್ ಹಂಟಿಂಗ್ಟನ್ ಹುಟ್ಟುಹಾಕಿದ ‘ವ್ಯಾನ್‌ಲೈಫ್’ ಎಂಬ ಪದದ ಹಿಂದೆ ಬಂದ ಗಾಡಿಗಳನ್ನು ನೋಡುತ್ತೇನೆ. ಚಾವಣಿಯ ಮೇಲೆ ಸೋಲಾರ್, ಒಳಗೆ ಫ್ರಿಜ್ಜು, ಬಿಸಿನೀರು, ತೇಗದ ಹಲಗೆ. ಕೆಲಸಗಾರಿಕೆ ಮೆಚ್ಚುವಂಥದ್ದು, ಎರಡು ಮಾತಿಲ್ಲ. ಚಿತ್ರಗಳಲ್ಲಿ ಹಿಂಬಾಗಿಲು ಯಾವಾಗಲೂ ಕಡಲಿಗೋ ಬೆಟ್ಟಕ್ಕೋ ತೆರೆದಿರುತ್ತದೆ, ಚಹಾದಂಗಡಿಗೆ ತೆರೆದದ್ದು ನಾನು ಕಂಡಿಲ್ಲ. ಜೆಸ್ಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’ (2017) ಇದರ ಇನ್ನೊಂದು ಮಗ್ಗುಲು. 2008ರ ಕುಸಿತದ ನಂತರ ಮನೆಯ ಖರ್ಚು ಹೊರಲಾರದೆ ಗಾಡಿ ಸೇರಿದ ಮುದುಕ ಮುದುಕಿಯರು ಗೋದಾಮುಗಳಲ್ಲಿ, ಸಕ್ಕರೆ ಬೀಟ್ ಕೊಯ್ಲಿನಲ್ಲಿ ದುಡಿಯುತ್ತ ಊರೂರು ಅಲೆಯುತ್ತಾರೆ. ಕೆಲಸ ಕಳೆದುಕೊಂಡು 454 ಡಾಲರಿನೊಂದಿಗೆ ಹೊರಟ ಹೀಟ್-ಮೂನ್ ಅವರಿಗೆ ಹತ್ತಿರದವರು ಇವರೇ. ಬ್ರೂಡರ್ ತಾವೂ ಒಂದು ಹಳೆಯ ವ್ಯಾನು ಕೊಂಡು ಅವರ ಜೊತೆ ಇದ್ದು ಬರೆದರು. ಹೀಟ್-ಮೂನ್ ಪುಸ್ತಕದಲ್ಲಿ ಕಾಣದ ಒಂಟಿ ಹೆಂಗಸರ ಲೆಕ್ಕಾಚಾರ ಅಲ್ಲಿದೆ.

‘ಬ್ಲೂ ಹೈವೇಸ್’ ಬರೆಯಲು ನಾಲ್ಕು ವರ್ಷ ಹಿಡಿಯಿತು, ಪ್ರಕಾಶಕರು ತಿರಸ್ಕರಿಸುತ್ತಲೇ ಹೋದರು. ಪ್ರಯಾಣ ಮುಗಿದದ್ದು ಮೂರು ತಿಂಗಳಲ್ಲಿ. ಉಳಿದ ಕಾಲವೆಲ್ಲ ಆ ಟೇಪುಗಳ ಮುಂದೆ ಕೂತು, ನೇಮ್‌ಲೆಸ್‌ನ ಅಂಗಡಿಯ ದನಿಗಳನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದಿರಬೇಕು. ಆ ಪುಟಗಳನ್ನು ಓದುವಾಗ ನನಗೆ ಗಾಡಿ ಕಾಣುವುದಿಲ್ಲ. ಅದು ಎಲ್ಲೋ ಹೊರಗೆ, ಅಂಗಡಿಯ ಎದುರು, ಸವೆದ ಟೈರಿನ ಮೇಲೆ ನಿಂತಿರುತ್ತದೆ. ಒಳಗೆ ಮಾತು ನಡೆಯುತ್ತಿರುತ್ತದೆ.