ತಾಜಾ ಕಲಂ ಬಿಟ್ಟ ಪುಸ್ತಕ

ಹೋದ ತಿಂಗಳು ಅಮೆರಿಕದ ಅಕ್ಕ ಒಂದು ಪಿಡಿಎಫ್ ಕಳಿಸಿದಳು. ಅಕ್ಕ ಅಂದರೆ ನಮ್ಮ ಕಾಕಾನ ಮಗಳು. 1971ರಲ್ಲಿ ಕೆಲಗೇರಿ ಬಿಟ್ಟು ಡೆಟ್ರಾಯಿಟ್‌ಗೆ ಹೋದ ಕಾಕಾ ಮನೆಗೆ ಬರೆದ ಪತ್ರಗಳನ್ನು ಆಯ್ದು, ಇಂಗ್ಲಿಷಿಗೆ ಅನುವಾದ ಮಾಡಿಸಿ, ಫೋಟೊ ಸೇರಿಸಿ 64 ಪುಟದ ಪುಸ್ತಕ ಮಾಡಿದ್ದಾಳೆ. ಕಾಕಾನ ಹುಟ್ಟುಹಬ್ಬಕ್ಕೆ ಐವತ್ತು ಪ್ರತಿ ಅಚ್ಚು ಹಾಕಿಸಿ ಬಂಧುಗಳಿಗೆ ಹಂಚುವ ಯೋಚನೆ. ಜೊತೆಗೆ ಒಂದು ಸಾಲು: "ನೀನು ಬ್ಲಾಗ್ ಬರೀತೀಯಲ್ಲ, ಓದಿ ಖರೇ ಖರೇ ಅಭಿಪ್ರಾಯ ಹೇಳು."

ಮನೆಯವರು ಬರೆದ ಪುಸ್ತಕಕ್ಕೆ ಖರೇ ಅಭಿಪ್ರಾಯ ಹೇಳೋದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಆದರೆ ಮೂಲ ಪತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸಿದವನು ನಾನೇ. ಊರ ಮನೆಯ ಅಟ್ಟದ ಮೇಲೆ ಅಜ್ಜನ ಟ್ರಂಕ್ ಇತ್ತು. ಹೊಲದ ಉತಾರ, ಸೊಸೈಟಿ ಸಾಲದ ರಸೀತಿ, ವಾಟ್ನಿ ಪತ್ರ, ಎಲ್ಲದರ ಕೆಳಗೆ ಒಂದು ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟ ನೀಲಿ ಏರೋಗ್ರಾಮ್‌ಗಳು. ಒಟ್ಟು 43. ಅಕ್ಕನ ಪುಸ್ತಕದಲ್ಲಿ ಇರೋದು 19. ಉಳಿದ 24 ನಾನು ಓದಿದ್ದೇನೆ. ಹಾಗಾಗಿ ಈ ಪುಸ್ತಕವನ್ನು ಬೇರೆಯವರು ಓದಿದ ಹಾಗೆ ಓದಲಿಕ್ಕೆ ನನಗೆ ಆಗಲಿಲ್ಲ.

ಮೊದಲು ಒಳ್ಳೇದು ಹೇಳಿಬಿಡುತ್ತೇನೆ. ಅಕ್ಕನಿಗೆ ಕನ್ನಡ ಮಾತಾಡಲಿಕ್ಕೆ ಬರುತ್ತೆ, ಓದಲಿಕ್ಕೆ ಅಷ್ಟಕ್ಕಷ್ಟೇ. ಅಪ್ಪನ ಕೈಬರಹ ಓದಲಿಕ್ಕಂತ ನಲವತ್ತು ದಾಟಿದ ಮೇಲೆ ಕುಳಿತು ಅಕ್ಷರ ತಿದ್ದಿದ್ದಾಳೆ. ಮೊದಲ ಹಿಮ ಬಿದ್ದ ದಿನದ ಪತ್ರ, ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಪತ್ರ, ರೊಟ್ಟಿ ಬಡೀಲಿಕ್ಕೆ ಹೋಗಿ ಬಾಡಿಗೆ ಮನೆಯ ಹೊಗೆ ಅಲಾರಾಂ ಕೂಗಿಸಿದ ಪತ್ರ ಇವು ಅನುವಾದದಲ್ಲೂ ನಗಿಸುತ್ತವೆ. ಮುನ್ನುಡಿಯಲ್ಲಿ ಕಾಲದ ಹಿನ್ನೆಲೆ ಚೆನ್ನಾಗಿ ಕೊಟ್ಟಿದ್ದಾಳೆ. 1965ರ ಕಾನೂನು ಬರೋ ತನಕ ಭಾರತದಿಂದ ಹೋಗಿ ನೆಲೆಸುವವರಿಗೆ ಅಮೆರಿಕ ಕೊಡುತ್ತಿದ್ದ ಕೋಟಾ ವರ್ಷಕ್ಕೆ 100. ಆ ಬಾಗಿಲು ತೆರೆದಿರದಿದ್ದರೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಕೆಲಗೇರಿಯ ಒಕ್ಕಲಿಗರ ಹುಡುಗ ಅಲ್ಲಿ ನೆಲೆ ನಿಲ್ಲುವ ಮಾತೇ ಇರಲಿಲ್ಲ.

ಇನ್ನು ತಕರಾರು.

ಮೊದಲನೇದು, ಅಕ್ಕ ಎಲ್ಲ ಪತ್ರಗಳ ತಲೆ ಹಾರಿಸಿದ್ದಾಳೆ. ಮೂಲದಲ್ಲಿ ಪ್ರತಿ ಪತ್ರವೂ "ತೀರ್ಥರೂಪ ಅಪ್ಪನವರ ಪಾದಗಳಿಗೆ" ಅಂತ ಶುರುವಾಗಿ, ಮಾತೋಶ್ರೀಯವರಿಗೆ, ಸಣ್ಣಜ್ಜನಿಗೆ, ಚಿರಂಜೀವಿಗಳಿಗೆ, ಬಾಜೂ ಮನೆಯವರಿಗೆ ಅಂತ ಐದಾರು ಸಾಲು ನಮಸ್ಕಾರ, ಆಶೀರ್ವಾದದಲ್ಲೇ ಕಳೆಯುತ್ತೆ. ಪುಸ್ತಕದಲ್ಲಿ ಇದು 'ಪ್ರೀತಿಯ ಅಪ್ಪನಿಗೆ' ಅನ್ನೋ ಅರ್ಥದ ಎರಡು ಇಂಗ್ಲಿಷ್ ಪದ ಆಗಿದೆ. "ಎಲ್ಲಾದ್ರಾಗೂ ಅದೇ ಅದೇ ಇತ್ತಲ್ಲ" ಅಂತ ಅಕ್ಕನ ವಾದ.

ಎಲ್ಲದರಲ್ಲೂ ಅದೇ ಇಲ್ಲ. ನಾನು 43 ಪತ್ರಗಳ ತಲೆಸಾಲುಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿದೆ. ವೃತ್ತಿಯ ಚಟ. 1973ರ ಕೊನೆಯಿಂದ ಸಣ್ಣಜ್ಜನ ಹೆಸರು ಕಾಣೆಯಾಗುತ್ತೆ. ಆ ವರ್ಷ ಅಣ್ಣತಮ್ಮಂದಿರ ವಾಟ್ನಿ ಆಗಿತ್ತು, ಕೆರೆಯ ಕೆಳಗಿನ ಹೊಲದ ಮೇಲೆ ಮಾತು ಬಿಟ್ಟಿದ್ದರು. ಪತ್ರದ ಒಡಲಲ್ಲಿ ಜಗಳದ ಬಗ್ಗೆ ಒಂದಕ್ಷರ ಇಲ್ಲ. 1979ರಲ್ಲಿ ಹೆಸರು ವಾಪಸ್ ಬರುತ್ತೆ, ಯಾವ ವಿವರಣೆಯೂ ಇಲ್ಲದೆ. ಆರು ವರ್ಷದ ಮನೆಜಗಳದ ಆರಂಭ, ಅಂತ್ಯ ಎರಡೂ ನಮಸ್ಕಾರದ ಸಾಲಿನಲ್ಲೇ ದಾಖಲಾಗಿದೆ. ಬರೀ ಶಿಷ್ಟಾಚಾರ ಅಂತ ನಾವು ದಾಟಿಸಿ ಓದೋ ಜಾಗದಲ್ಲಿ ಮನೆಯ ಸುದ್ದಿ ಕೂತಿತ್ತು.

ಎರಡನೇದು, ರೊಕ್ಕದ ಲೆಕ್ಕ ಬಿಟ್ಟಿರೋದು. ಪಂಪ್‌ಸೆಟ್‌ಗೆ ಎಷ್ಟು, ಅತ್ತಿಯ ಲಗ್ನಕ್ಕೆ ಎಷ್ಟು, ನಮ್ಮಪ್ಪನ ಕಾಲೇಜ್ ಫೀಗೆ ಎಷ್ಟು, ಡ್ರಾಫ್ಟ್ ಯಾವಾಗ ಮುಟ್ಟುತ್ತೆ ಅನ್ನೋದು ಮೂಲದಲ್ಲಿ ಸುಮಾರು ಪ್ರತಿ ಎರಡನೇ ಪತ್ರದಲ್ಲಿ ಇದೆ. ಹುಟ್ಟುಹಬ್ಬದ ಪುಸ್ತಕದಲ್ಲಿ ಅದು ಮುಜುಗರ ಅಂತ ಅಕ್ಕನಿಗೆ ಅನ್ನಿಸಿರಬಹುದು. ಆದರೆ ಅದನ್ನು ತೆಗೆದ ಮೇಲೆ ಉಳಿಯೋ ಕಾಕಾ ಬರೀ ಹಿಮ ನೋಡಿ ಬೆರಗಾಗುವ ಪ್ರವಾಸಿ. ಊರಲ್ಲಿ ಒಂದು ಮನೆ ಎತ್ತಿ ನಿಲ್ಲಿಸಿದ ಮನುಷ್ಯ ಪುಸ್ತಕದಲ್ಲಿ ಇಲ್ಲ.

ಮೂರನೇದು ಎಲ್ಲಕ್ಕಿಂತ ದೊಡ್ಡದು. 1974ರ ಮೇ ತಿಂಗಳ ನಂತರ ಪುಸ್ತಕ ನೇರವಾಗಿ 1975ರ ಡಿಸೆಂಬರಿಗೆ ಜಿಗಿಯುತ್ತೆ. ಟ್ರಂಕ್‌ನಲ್ಲಿ ಈ ನಡುವಿನ ಒಂಬತ್ತು ಪತ್ರ ಇವೆ. ಒಂಬತ್ತರಲ್ಲೂ ಕಾಕಾ "ದೇವರ ದಯದಿಂದ ಆರಾಮ ಇದ್ದೇನೆ" ಅಂತಲೇ ಬರೆದಿದ್ದಾನೆ. ಆದರೆ ಏರೋಗ್ರಾಮ್‌ನ ಹಿಂಬದಿಯಲ್ಲಿ ಕಳಿಸುವವರ ವಿಳಾಸ ಬರೆಯೋ ಜಾಗ ಇರುತ್ತಲ್ಲ, ಅಲ್ಲಿ ಹದಿನಾಲ್ಕು ತಿಂಗಳಲ್ಲಿ ನಾಲ್ಕು ವಿಳಾಸ. ಅದು ಅಮೆರಿಕದಲ್ಲಿ ಭಾರಿ ಆರ್ಥಿಕ ಹಿಂಜರಿತದ ಕಾಲ, ಕಾರು ಕಟ್ಟುವ ಡೆಟ್ರಾಯಿಟ್‌ಗೆ ಜೋರು ಏಟು ಬಿದ್ದಿತ್ತು. ಕಾಕಾನ ಕೆಲಸ ಹೋಗಿತ್ತು. ಗೆಳೆಯರ ಕೋಣೆಗಳಲ್ಲಿ ಒಬ್ಬರಾದ ಮೇಲೆ ಒಬ್ಬರ ಹತ್ತಿರ ಇದ್ದ. ಇದನ್ನು ಅವನು ಊರಿಗೆ ಯಾವತ್ತೂ ಬರೆಯಲಿಲ್ಲ. ವಿಳಾಸ ಮಾತ್ರ ಸುಳ್ಳು ಹೇಳುವ ಹಾಗಿರಲಿಲ್ಲ, ಯಾಕಂದರೆ ಉತ್ತರ ಬರಬೇಕಿತ್ತು.

ಯಾಕೆ ಬರೆಯಲಿಲ್ಲ ಅನ್ನೋದಕ್ಕೆ ಆ ಪತ್ರಗಳನ್ನು ಹೇಗೆ ಓದುತ್ತಿದ್ದರು ಅಂತ ತಿಳೀಬೇಕು. ಪೋಸ್ಟಿನವರು ಬಂದರೆ ಪಡಸಾಲಿಯಲ್ಲಿ ಹತ್ತು ಜನ ಸೇರುತ್ತಿದ್ದರು. ಶಾಲೆ ಕಲಿತವರು ಯಾರಾದರೂ ಗಟ್ಟಿಯಾಗಿ ಓದಬೇಕು, ಎರಡೆರಡು ಸಲ. ಅಂಥ ಕಾಗದದಲ್ಲಿ ಅವ್ವನಿಗೆ ಮಾತ್ರ ಹೇಳುವ ಮಾತು ಬರೆಯಲಿಕ್ಕೆ ಜಾಗವೇ ಇಲ್ಲ. ಕಾಕಾನ ಬೆಳಗಾವಿಯಾಚೆಯ ಹಿರಿಯರೊಬ್ಬರನ್ನು ಇದರ ಪಕ್ಕ ಇಟ್ಟು ನೋಡಬಹುದು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಮಾಡಿ, 1959ರಲ್ಲಿ ಅಮೆರಿಕಕ್ಕೆ ಹೋದ ಎ.ಕೆ. ರಾಮಾನುಜನ್ ದಿನಚರಿ ಇಡುತ್ತಿದ್ದರು. 1993ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕಾಗದಪತ್ರಗಳು ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು, ದಿನಚರಿಯ ಒಂದು ಆಯ್ಕೆ 2019ರಲ್ಲಿ 'ಜರ್ನೀಸ್' ಅಂತ ಪುಸ್ತಕವಾಗಿ ಬಂತು. ಅಲ್ಲಿ ಒಬ್ಬ ಮನುಷ್ಯ ತನ್ನ ಅಂಜಿಕೆ, ಅನುಮಾನಗಳನ್ನು ತನಗೇ ಹೇಳಿಕೊಳ್ಳೋದು ಕಾಣುತ್ತೆ. ಕಾಕಾನಿಗೆ ಅಂಥ ದಿನಚರಿ ಇರಲಿಲ್ಲ. ಅವನಿಗೆ ಇದ್ದದ್ದು ಒಂದು ನೀಲಿ ಹಾಳೆ ಮತ್ತು ಪಡಸಾಲಿ ತುಂಬಾ ಜನ.

ಹಾಗಾದರೆ ಅವನ ಮನಸ್ಸು ಎಲ್ಲಿ ಹೋಯಿತು? ಕೊನೆಗೆ ಹೋಯಿತು. ಏರೋಗ್ರಾಮ್ ಒಂದೇ ಹಾಳೆ, ಒಳಗೆ ಬೇರೆ ಕಾಗದ ಇಡುವ ಹಾಗಿಲ್ಲ. ಬರೆದು ಮುಗಿದ ಮೇಲೆ ಮಡಚುವ ಪಟ್ಟಿಯ ಮೇಲೆ ಒಂದೆರಡು ಬೆರಳಿನಷ್ಟು ಜಾಗ ಉಳಿಯುತ್ತೆ. ಅಲ್ಲಿ ಸಣ್ಣ ಅಕ್ಷರದಲ್ಲಿ "ತಾ.ಕ." ಅಂತ ಬರೆದು ಕಾಕಾ ಏನಾದರೂ ಕೇಳುತ್ತಿದ್ದ. ತಾಜಾ ಕಲಂ. ಕೆಲಗೇರಿ ಕೆರಿ ತುಂಬಿತೇನು? ಕೋಡಿ ಬಿತ್ತೇನು? ಹಿತ್ತಲದ ನುಗ್ಗಿಗಿಡ ಅದನೋ ಕಡಿದರೋ? ಅವ್ವನ ಮೊಣಕಾಲು ಹೆಂಗೈತಿ? ಪ್ರತಿ ವರ್ಷ ಜುಲೈ, ಆಗಸ್ಟಿನ ಪತ್ರದಲ್ಲಿ ಕೆರೆಯ ಪ್ರಶ್ನೆ ತಪ್ಪಿಲ್ಲ. ಕೆಲಸ ಇಲ್ಲದ ಆ ವರ್ಷ ಮೂರು ಪತ್ರದಲ್ಲಿ ಸಾಲಾಗಿ ಕೇಳಿದ್ದಾನೆ, ಅದರಲ್ಲಿ ಒಂದು ಫೆಬ್ರುವರಿಯದು. ಫೆಬ್ರುವರಿಯಲ್ಲಿ ಯಾವ ಕೆರೆಗೂ ಕೋಡಿ ಬೀಳೋದಿಲ್ಲ ಅಂತ ಅವನಿಗೆ ಗೊತ್ತಿಲ್ಲದ್ದೇನಲ್ಲ.

ಪುಸ್ತಕದಲ್ಲಿ ಒಂದೂ ತಾಜಾ ಕಲಂ ಇಲ್ಲ. "ಪದೇ ಪದೇ ಬರ್ತದ, ಓದೋರಿಗೆ ಬೇಸರ" ಅಂತ ತೆಗೆದಿದ್ದಾಳೆ.

ಈ ತಪ್ಪು ಅಕ್ಕನದಷ್ಟೇ ಅಲ್ಲ, ಹಳೇದು. ಅಮೆರಿಕದ ಆರಂಭದ ಕಾಲದ ಮನೆಪತ್ರ ಅಂದರೆ ಮೊದಲು ನೆನಪಾಗೋದು ಜಾನ್ ಮತ್ತು ಅಬಿಗೇಲ್ ಆಡಮ್ಸ್ ದಂಪತಿ. ಗಂಡ ಫಿಲಡೆಲ್ಫಿಯಾದಲ್ಲಿ ದೇಶ ಕಟ್ಟುತ್ತಿದ್ದ, ಹೆಂಡತಿ ಮ್ಯಾಸಚೂಸೆಟ್ಸ್‌ನಲ್ಲಿ ಹೊಲ, ಮನೆ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಇಬ್ಬರ ನಡುವಿನ 1,100ಕ್ಕೂ ಹೆಚ್ಚು ಪತ್ರ ಉಳಿದಿವೆ. 1776ರ ಮಾರ್ಚ್ 31ರಂದು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ನೆನಪಿಡಿ ಅಂತ ಆಕೆ ಬರೆದದ್ದು ಈಗ ಜಗತ್ತಿಗೇ ಗೊತ್ತು. ಗಂಡ ಅದನ್ನು ನಗೆಯಲ್ಲಿ ತೇಲಿಸಿ ಉತ್ತರ ಬರೆದ. ಮುಂದಿನ ವರ್ಷ ಜುಲೈನಲ್ಲಿ ಆಕೆ ಹೆರಿಗೆ ನೋವು ತಿನ್ನುತ್ತಲೇ ಅವನಿಗೆ ಪತ್ರ ಬರೆದಳು. ಕೂಸು ಸತ್ತು ಹುಟ್ಟಿತು. ಇಂಥ ಪತ್ರಗಳನ್ನು 1840ರಲ್ಲಿ ಮೊಮ್ಮಗ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಮೊದಲ ಸಲ ಅಚ್ಚು ಹಾಕಿಸಿದಾಗ ತನಗೆ ಸರಿ ಕಂಡದ್ದನ್ನು ಆಯ್ದ, ಅಜ್ಜಿಯ ಕಾಗುಣಿತವನ್ನೂ ತಿದ್ದಿದ. ನಮ್ಮ ಅಕ್ಕನ ಹಾಗೇ ಪ್ರೀತಿಯಿಂದ ಮಾಡಿದ ಕೆಲಸ ಅದು. ಪುಣ್ಯಕ್ಕೆ ಮೂಲ ಕಾಗದ ಎಸೆಯಲಿಲ್ಲ. 1956ರಲ್ಲಿ ಆ ಮನೆತನ ಎಲ್ಲವನ್ನೂ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಕೊಟ್ಟಿತು. ಇವತ್ತು ಬೆಂಗಳೂರಿನ ಪಿಜಿಯಲ್ಲಿ ಕೂತು ಆಕೆಯ ಕೈಬರಹ, ಹೊಡೆದು ಹಾಕಿದ ಪದ ಎಲ್ಲ ನೋಡಬಹುದು. ಮೊಮ್ಮಗ ತಿದ್ದಿದ್ದು ಗೊತ್ತಾಗೋದು ಮೂಲ ಉಳಿದದ್ದರಿಂದ.

ಅಲ್ಲಿ ಎರಡೂ ಕಡೆಯ ಪತ್ರ ಉಳಿದಿವೆ ಅನ್ನೋದೇ ನನ್ನನ್ನು ಹೆಚ್ಚು ಕಾಡಿದ್ದು. ನಮ್ಮಲ್ಲಿ ಊರಿಂದ ಹೋದ ಒಂದು ಪತ್ರವೂ ಉಳಿದಿಲ್ಲ. ಮನೆ ಬದಲಾಯಿಸುವಾಗ ಕಾಕಾ ಎಲ್ಲೋ ಬಿಟ್ಟ. ಇದಕ್ಕೆ ಅಕ್ಕ ಮುನ್ನುಡಿಯಲ್ಲಿ ಒಂದು ಸಾಲು ಬರೆದಿದ್ದಾಳೆ: ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಹಾಗಾಗಿ ಆಕೆಯ ಪತ್ರಗಳು ಇಲ್ಲ. ಇಡೀ ಪುಸ್ತಕದಲ್ಲಿ ನಾನು ಒಪ್ಪದ ಸಾಲು ಇದೊಂದೇ ಅಂದರೂ ಆದೀತು. ಆಯಿಗೆ ಬರೀಲಿಕ್ಕೆ ಬರುತ್ತಿರಲಿಲ್ಲ, ಬರಸಲಿಕ್ಕೆ ಬರುತ್ತಿತ್ತು. ಬರೆದುಕೊಡುತ್ತಿದ್ದದ್ದು ನಮ್ಮ ಅತ್ತಿ. ಕಾಕಾ ಹೋದಾಗ ಆಕೆಗೆ ಹನ್ನೆರಡು ವರ್ಷ. ಲಗ್ನ ಆಗಿ ಹೋಗೋ ತನಕ ಅಮೆರಿಕಕ್ಕೆ ಹೋದ ಎಲ್ಲ ಪತ್ರದ ಅಕ್ಷರ ಆಕೆಯದು. ಅತ್ತಿ ಈಗ ಧಾರವಾಡದಲ್ಲೇ ಇದ್ದಾಳೆ. ಪುಸ್ತಕ ಮಾಡುವಾಗ ಆಕೆಯನ್ನು ಯಾರೂ ಕೇಳಲಿಲ್ಲ. ಸ್ಕ್ಯಾನ್ ಮಾಡಿದ ನನಗೂ ಹೊಳೆದಿರಲಿಲ್ಲ.

ಪಿಡಿಎಫ್ ತಗೊಂಡು ಹೋಗಿ ಆಕೆಗೆ ತೋರಿಸಿದೆ. ಫೋಟೊ ನೋಡಿದಳು. ಆಮೇಲೆ 1975ರ ವಿಷಯ ಬಂತು.

"ನಮಗೇನು ಗೊತ್ತಿರಲಿಲ್ಲ ಅಂದ್ಕೊಂಡೀಯೇನೋ ತಮ್ಮಾ? ವಿಳಾಸ ಬರಿಯಾಕಿ ನಾನs. ಮೂರನೇ ಸಲ ಬದಲಾದಾಗ ಅವ್ವಗ ಹೇಳಿದೆ. ಅವ್ವ ಭಾಳ ಹೊತ್ತು ಸುಮ್ಮ ಕುಂತ್ಲು. ಆಮ್ಯಾಲೆ, 'ಸಾಕಾತು, ಬಂದುಬಿಡು ಅಂತ ಬರಿ' ಅಂದ್ಲು. ಅಪ್ಪ ಅಲ್ಲೇ ಕುಂತಿದ್ದ. 'ಅದನ್ನ ಬರೀಬ್ಯಾಡ' ಅಂದ."

"ನೀ ಏನ್ ಮಾಡಿದಿ ಅತ್ತಿ?"

"ಏನ್ ಮಾಡ್ಲಿ? ಎಮ್ಮಿ ಈದೈತಿ ಅಂತ ಬರದೆ."

ಮನೆಗೆ ಬಂದು ಕಡತ ತೆಗೆದು ನೋಡಿದೆ. ಅದರ ಮುಂದಿನ ಪತ್ರ ಇತ್ತು. ಒಡಲಲ್ಲಿ ದೇವರ ದಯ, ಆರಾಮ. ತಾಜಾ ಕಲಂನಲ್ಲಿ: ಎಮ್ಮಿ ಹೆಣ್ಣುಗರ ಹಾಕಿತೋ ಗಂಡೋ, ಅವ್ವಗ ಹಾಲು ಕುಡೀಲಿಕ್ಕೆ ಹೇಳ್ರಿ. ಇದೂ ಪುಸ್ತಕದಲ್ಲಿ ಇಲ್ಲ.

ಇಷ್ಟು ಬೈದ ಮೇಲೆ ನನ್ನ ತಪ್ಪೂ ಹೇಳಬೇಕು. 43ರಲ್ಲಿ 11 ಪತ್ರಕ್ಕೆ ಚೌಕಾಕಾರದ ತೂತಿದೆ. ಐದನೇ ಇಯತ್ತೆಯಲ್ಲಿ ನನಗೆ ಸ್ಟಾಂಪ್ ಕೂಡಿಸುವ ಹುಚ್ಚು. ಅಟ್ಟ ಹತ್ತಿ ಕತ್ತರಿ ಹಾಕಿದವನು ನಾನೇ. ಏರೋಗ್ರಾಮ್‌ನಲ್ಲಿ ಸ್ಟಾಂಪಿನ ಹಿಂಬದಿಯಲ್ಲೂ ಬರಹ ಇರುತ್ತೆ. ಹನ್ನೊಂದು ಕಡೆ ಮೂರ್ನಾಲ್ಕು ಸಾಲು ಹೋಗಿವೆ, ಆಲ್ಬಮ್ ಕೂಡ ಈಗ ಎಲ್ಲೂ ಸಿಗುತ್ತಿಲ್ಲ. ಅಕ್ಕ ಬಿಟ್ಟದ್ದನ್ನು ಮತ್ತೆ ಸೇರಿಸಬಹುದು. ನಾನು ಕತ್ತರಿಸಿದ್ದು ಬರೋದಿಲ್ಲ.

ಅಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಒಂದು ಮಾತು ಹೇಳಿದಳು: ಕೆಲಸ ಹೋದ ಆ ಒಂದೂವರೆ ವರ್ಷ ಬಿಡು ಅಂತ ಹೇಳಿದ್ದು ಕಾಕಾನೇ. ಅಲ್ಲಿಗೆ ನನ್ನ ವಾದ ಸ್ವಲ್ಪ ಮೆತ್ತಗಾಯಿತು. ಬದುಕಿರೋ ಮನುಷ್ಯನ ನಾಚಿಕೆಗೆ ಬೆಲೆ ಇದೆ. ಇತಿಹಾಸದ ಹೆಸರಲ್ಲಿ ಅದನ್ನು ಬಯಲಿಗೆ ಎಳೆಯೋ ಹಕ್ಕು ಮಕ್ಕಳಿಗೂ ಇಲ್ಲ, ಬ್ಲಾಗ್ ಬರೆಯೋ ಅಣ್ಣನ ಮಗನಿಗಂತೂ ಇಲ್ಲವೇ ಇಲ್ಲ. ಅದಕ್ಕೇ ಇದನ್ನು ಬರೆಯೋ ಮೊದಲು ಕಾಕಾನಿಗೆ ಫೋನ್ ಮಾಡಿದೆ. ಅತ್ತಿ ಹೇಳಿದ್ದನ್ನು ಹೇಳಿದೆ. ಬಂದುಬಿಡು ಅಂತ ಅವ್ವ ಅಂದಿದ್ದು ಐವತ್ತು ವರ್ಷದ ಮೇಲೆ ಅವನಿಗೆ ಗೊತ್ತಾಗಿದ್ದು ಆವತ್ತೇ. ಲೈನ್ ಕಟ್ಟಾಯಿತೇನೋ ಅನ್ನಿಸುವಷ್ಟು ಹೊತ್ತು ಸುಮ್ಮನಿದ್ದ. ಆಮೇಲೆ, "ಬರೀಪಾ, ಈಗ ಯಾರ ಮುಂದ ಮುಚ್ಚಿಡೂದೈತಿ" ಅಂದ.

ಹಾಗಾಗಿ ವಿಮರ್ಶಕನಾಗಿ ನನ್ನ ಕೇಳಿಕೆ ಇಷ್ಟು. ಪುಸ್ತಕ ಬರಲಿ, ಹುಟ್ಟುಹಬ್ಬವೂ ಆಗಲಿ. ಆದರೆ ಬಿಟ್ಟ ಕಡೆ ಮೂರು ಚುಕ್ಕಿ ಹಾಕಲಿ, ಎಷ್ಟು ಪತ್ರದಲ್ಲಿ ಎಷ್ಟು ಆಯ್ದದ್ದು ಅಂತ ಮುನ್ನುಡಿಯಲ್ಲಿ ಬರೆಯಲಿ. ತಲೆಸಾಲು, ವಿಳಾಸ, ತಾಜಾ ಕಲಂ ಮೂರನ್ನೂ ಪತ್ರದ ಭಾಗ ಅಂತ ಎಣಿಸಲಿ. ಕನ್ನಡದ ಮೂಲ ಎದುರು ಪುಟದಲ್ಲಿ ಇರಲಿ. ಅಮೆರಿಕದಲ್ಲೇ 2008ರಲ್ಲಿ ಶುರುವಾದ ಸೌತ್ ಏಷಿಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಇಂಥ ಮನೆಪತ್ರಗಳನ್ನು ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಮನೆಯವರಿಗೇ ವಾಪಸ್ ಕೊಡುತ್ತೆ. 43ನ್ನೂ ಅಲ್ಲಿಗೆ ಕೊಡೋಣ ಅಂತ ಅಕ್ಕನಿಗೆ ಹೇಳಿದ್ದೇನೆ, ತೂತಿನ ಸಮೇತ. ಮತ್ತೆ ಆ 'ಅಜ್ಜಿಗೆ ಬರಹ ಬರುತ್ತಿರಲಿಲ್ಲ' ಅನ್ನೋ ಸಾಲು ತೆಗೆದು, ಆ ಜಾಗದಲ್ಲಿ ಅತ್ತಿಯ ಮಾತು ಹಾಕಲಿ.

ನಿಮ್ಮ ಮನೆಯಲ್ಲೂ ಅಟ್ಟ ಇದ್ದರೆ, ಟ್ರಂಕ್ ಇದ್ದರೆ, ಹತ್ತಿ ನೋಡಿ. ಪತ್ರ ಸಿಕ್ಕರೆ ಸ್ಕ್ಯಾನರ್ ಹುಡುಕೋ ಮೊದಲು ಅದಕ್ಕೆ ಉತ್ತರ ಬರೆದುಕೊಡುತ್ತಿದ್ದವರು ಯಾರು ಅಂತ ಕೇಳಿ. ಅವರು ಇನ್ನೂ ಇದ್ದರೆ ಆ ಭಾನುವಾರವೇ ಹೋಗಿ ಬನ್ನಿ.

ತಾ.ಕ.: ಅಕ್ಕನ ಉತ್ತರ ಬಂತು. ಅಚ್ಚಿಗೆ ಕೊಡೋದನ್ನು ಎರಡು ತಿಂಗಳು ಮುಂದೆ ಹಾಕಿದ್ದಾಳೆ. ಅತ್ತಿಯ ನಂಬರ್ ಕೇಳಿದ್ದಾಳೆ.