ಪೆಟ್ರಾರ್ಕನ ವರ್ಜಿಲ್ ಪ್ರತಿಯೂ ಅದರ ಸಾಕ್ಷ್ಯವೂ

ಮಿಲಾನ್ ನಗರದ ಆಂಬ್ರೋಸಿಯನ್ ಗ್ರಂಥಾಲಯದಲ್ಲಿರುವ ವರ್ಜಿಲ್ ಕವಿಯ ಚರ್ಮಪತ್ರದ ಪ್ರತಿಯೊಂದು, ಐರೋಪ್ಯ ಪುನರುಜ್ಜೀವನದ ಚರಿತ್ರೆಯನ್ನು ಓದಿದವರಿಗೆಲ್ಲ ಹೆಸರಿನಿಂದಲಾದರೂ ಪರಿಚಿತವಾದುದು. ಪೆಟ್ರಾರ್ಕನ ಪುಸ್ತಕವೆಂದು ಅದಕ್ಕೆ ಪ್ರಸಿದ್ಧಿ. ಅದನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಒಡೆಯರ ಹೆಸರುಗಳನ್ನು ಹಾರದಂತೆ ಪೋಣಿಸಿ, ಲಾರಾಳ ಮರಣದ ಟಿಪ್ಪಣಿಯನ್ನು ಪದಕದಂತೆ ತೂಗಹಾಕಿ, ಅಲ್ಲಿಗೆ ನಿಲ್ಲಿಸುವರು. ಈ ಪದ್ಧತಿಯಿಂದ ಪುಸ್ತಕಕ್ಕೆ ಗೌರವವು ದೊರೆತಿದೆ. ಇತಿಹಾಸಕ್ಕೆ ದೊರೆತುದು ಅಲ್ಪವೆಂದು ನಮ್ಮ ಅಭಿಪ್ರಾಯ.

ಒಡೆತನದ ವೃತ್ತಾಂತವನ್ನು ಮೊದಲು ಸಂಕ್ಷೇಪವಾಗಿ ಹೇಳುವೆವು. ವರ್ಜಿಲನ ಮೂರು ಕೃತಿಗಳು, ಸರ್ವಿಯಸನ ವ್ಯಾಖ್ಯಾನ, ಸ್ಟೇಷಿಯಸನ ಅಕಿಲೀಡ್, ಹೊರೇಸನ ಕೆಲವು ಗೀತಗಳು ಇದರಲ್ಲಿ ಅಡಕವಾಗಿವೆ. ಪೆಟ್ರಾರ್ಕನ ತಂದೆಯ ಕಾಲದಲ್ಲಿಯೇ ಈ ಪ್ರತಿಯು ಸಿದ್ಧವಾಯಿತು. ತಂದೆ ತೀರಿಕೊಂಡ 1326ರಲ್ಲಿ, ನವೆಂಬರ್ 1ರಂದು, ಅದು ಕಳುವಾಯಿತು; 1338ರ ಏಪ್ರಿಲ್ 17ರಂದು ಅವಿನ್ಯೋನಿನಲ್ಲಿ ಮರಳಿ ದೊರೆಯಿತು. ಈ ಎರಡು ದಿನಾಂಕಗಳನ್ನೂ ಪೆಟ್ರಾರ್ಕನೇ ಪುಸ್ತಕದಲ್ಲಿ ಬರೆದಿಟ್ಟಿರುವನು. ಮರಳಿ ಬಂದ ಗ್ರಂಥಕ್ಕೆ ಸಿಯೆನಾದ ಚಿತ್ರಕಾರ ಸಿಮೋನೆ ಮಾರ್ತೀನಿಯಿಂದ ಮುಖಚಿತ್ರವನ್ನು ಬರೆಸಿದನು. ಮರದ ಕೆಳಗೆ ಕುಳಿತ ಕವಿಯ ಮುಂದಿನ ತೆರೆಯನ್ನು ವ್ಯಾಖ್ಯಾನಕಾರ ಸರ್ವಿಯಸನು ಸರಿಸುತ್ತಿರುವನು. ಯೋಧ, ಕೃಷಿಕ, ಕುರುಬ ಇವರು ಮೂರು ಕೃತಿಗಳಿಗೆ ಸಂಕೇತವಾಗಿ ನಿಂತಿರುವರು. ಕವಿಯನ್ನು ತೋರಿಸಿಕೊಡುವ ಗೌರವವನ್ನು ಟೀಕಾಕಾರನಿಗೆ ಕೊಟ್ಟಿರುವುದು, ನಮ್ಮಂತಹ ಅಧ್ಯಾಪಕರಿಗೆ ಸಮಾಧಾನದ ವಿಷಯ!

1374ರಲ್ಲಿ ಪೆಟ್ರಾರ್ಕನು ಕಾಲವಾದನು. ಪುಸ್ತಕವು ಪಾದುವಾದ ಕರಾರ ಪ್ರಭುವಿನ ವಶವಾಯಿತು. 1388ರಲ್ಲಿ ಜಾನ್ ಗಲೆಯಾಜೊ ವಿಸ್ಕೊಂತಿಯು ಪಾದುವಾವನ್ನು ಗೆದ್ದಾಗ ಪಾವಿಯಾದ ಕೋಟೆಯನ್ನು ಸೇರಿತು. ಫ್ರಾನ್ಸಿನ ಹನ್ನೆರಡನೆಯ ಲೂಯಿಯು ಪಾವಿಯಾದ ಗ್ರಂಥಗಳನ್ನು ಕೊಂಡೊಯ್ದಾಗ ಇದು ತಪ್ಪಿಸಿಕೊಂಡಿತು. ಮುಂದೆ ಕಾರ್ಡಿನಲ್ ಫೆದೆರಿಕೊ ಬೊರೊಮಿಯೊ ತಾನು ಸ್ಥಾಪಿಸಿದ ಆಂಬ್ರೋಸಿಯನ್ ಗ್ರಂಥಾಲಯಕ್ಕೆ ಇದನ್ನು ಸೇರಿಸಿದನು. 1796ರಲ್ಲಿ ಫ್ರೆಂಚರು ಪ್ಯಾರಿಸಿಗೆ ಸಾಗಿಸಿದರು. 1815ರಲ್ಲಿ, ನೆಪೋಲಿಯನ್ನನ ಪತನಾನಂತರ, ಹಿಂದಿರುಗಿತು.

ಇಷ್ಟು ಹೆಸರುಗಳಲ್ಲಿ ಪುಸ್ತಕವನ್ನು ಓದಿದವನೆಂದು ನಾವು ನಿಸ್ಸಂದೇಹವಾಗಿ ಹೇಳಬಹುದಾದವನು ಒಬ್ಬನೇ. ವಿಸ್ಕೊಂತಿ ದೊರೆಗೂ ಫ್ರೆಂಚ್ ಸೇನೆಗೂ ಅದು ಜಯಚಿಹ್ನೆ. ಪೆಟ್ರಾರ್ಕನಾದರೋ ಹಲವು ದಶಕಗಳ ಕಾಲ ಅದರ ಅಂಚುಗಳಲ್ಲಿ ಲೇಖನಿಯನ್ನಾಡಿಸಿದನು. 1892ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪಿಯೆರ್ ದ ನೊಲ್ಹಾಕರು ಪೆಟ್ರಾರ್ಕನ ಪುಸ್ತಕಗಳನ್ನು ಅವನ ಕೈಬರಹದ ಆಧಾರದಿಂದ ಗುರುತಿಸಿ ತೋರಿಸಿದ ಬಳಿಕ, ಈ ಅಂಚಿನ ಟಿಪ್ಪಣಿಗಳ ಬೆಲೆಯು ವಿದ್ವಾಂಸರಿಗೆ ಮನವರಿಕೆಯಾಯಿತು. ಅವುಗಳ ಸಮಗ್ರ ಸಂಪಾದನೆಯಾಗಲು ಮಾತ್ರ 2006ರವರೆಗೆ ಕಾಯಬೇಕಾಯಿತು. ಲಾರಾಳನ್ನು ಕುರಿತ ಕೆಲವು ಪಂಕ್ತಿಗಳಿಗೆ ಸಂದ ಲಕ್ಷ್ಯದಲ್ಲಿ ಹತ್ತರಲ್ಲೊಂದು ಪಾಲು ಈ ಟಿಪ್ಪಣಿಗಳಿಗೆ ಸಂದಿದ್ದರೆ ಅಷ್ಟು ವಿಳಂಬವಾಗುತ್ತಿರಲಿಲ್ಲ.

ಇನ್ನು ಆ ಪಂಕ್ತಿಗಳ ವಿಚಾರ. ಗ್ರಂಥದ ಆದಿಯ ಹಾಳೆಯಲ್ಲಿ, ಪದೇ ಪದೇ ಕಣ್ಣಿಗೆ ಬೀಳಲೆಂದು ಆರಿಸಿದ ಸ್ಥಳದಲ್ಲಿ, ಪೆಟ್ರಾರ್ಕನು ಹೀಗೆ ತಿಳಿಸುವನು: ಲಾರಾಳನ್ನು ತಾನು ಮೊದಲು ಕಂಡುದು 1327ರ ಏಪ್ರಿಲ್ 6ರಂದು ಪ್ರಾತಃಕಾಲ, ಅವಿನ್ಯೋನಿನ ಸಂತ ಕ್ಲಾರಾ ದೇವಾಲಯದಲ್ಲಿ, ಅವಳು ಮೃತಳಾದುದು 1348ರಲ್ಲಿ, ಅದೇ ತಿಂಗಳು, ಅದೇ ದಿನ, ಅದೇ ವೇಳೆ. ತಾನು ಆಗ ವೆರೋನದಲ್ಲಿದ್ದು, ವಾರ್ತೆಯು ಪಾರ್ಮಾದಲ್ಲಿ ಮೇ 19ರಂದು ಮಿತ್ರನ ಪತ್ರದಿಂದ ತಿಳಿಯಿತೆನ್ನುವನು. ಅಕ್ಷರವು ಪೆಟ್ರಾರ್ಕನದೇ ಎಂಬುದರಲ್ಲಿ ಈಗ ವಿವಾದವಿಲ್ಲ. ಆದರೆ ಅಕ್ಷರವು ಅವನದೆಂದ ಮಾತ್ರಕ್ಕೆ ಹೇಳಿಕೆಯು ಯಥಾರ್ಥವೆಂದು ಸಿದ್ಧಿಸುವುದೇ? ತರಗತಿಗಳಲ್ಲಿ ನಾವು ಈ ಎರಡು ಪ್ರಶ್ನೆಗಳನ್ನು ಒಂದಾಗಿ ಕಲಸಿಬಿಡುತ್ತೇವೆ.

ಕವಿತೆಯೊಂದರಲ್ಲಿ ಪೆಟ್ರಾರ್ಕನು ಆ ಮೊದಲ ದರ್ಶನವನ್ನು ಕ್ರಿಸ್ತನ ಮರಣದ ದಿನಕ್ಕೆ, ಎಂದರೆ ಶುಭ ಶುಕ್ರವಾರಕ್ಕೆ, ಹೊಂದಿಸಿರುವನು. ಪಂಚಾಂಗವನ್ನು ನೋಡಿದರೆ 1327ರ ಶುಭ ಶುಕ್ರವಾರವು ಏಪ್ರಿಲ್ 10ರಂದು ಬಿದ್ದಿತ್ತು; 6ನೆಯ ತಾರೀಖು ಸೋಮವಾರ. ಕ್ರಿಸ್ತನು ನಿಜವಾಗಿ ಮಡಿದುದು ಏಪ್ರಿಲ್ 6ರಂದೇ ಎಂಬ ಹಳೆಯ ಎಣಿಕೆಯೊಂದನ್ನು ಮುಂದಿಟ್ಟು ಕೆಲವರು ಸಮಾಧಾನ ಹೇಳುವರು. ಹೇಳಲಿ, ಆದರೆ ಆ ಸಮಾಧಾನವು ದಿನವನ್ನು ಆರಿಸಿದುದು ಅರ್ಥಕ್ಕಾಗಿ ಎಂಬ ಶಂಕೆಯನ್ನು ಬಲಪಡಿಸುವುದೇ ಹೊರತು ಕಳೆಯುವುದಿಲ್ಲ. ಲಾರಾ ಕೇವಲ ಕಲ್ಪನೆಯೆಂದು ಪೆಟ್ರಾರ್ಕನ ಮಿತ್ರ ಜಾಕೊಮೊ ಕೊಲೊನ್ನನೇ ಹಾಸ್ಯ ಮಾಡಿದ್ದನು. ಅಷ್ಟು ದೂರ ಹೋಗಲು ನಾವು ಸಿದ್ಧರಿಲ್ಲ. 1348ರಲ್ಲಿ ಅವಿನ್ಯೋನ್ ಮಹಾಮಾರಿಗೆ ತುತ್ತಾಗಿತ್ತು. ಆ ವಸಂತದಲ್ಲಿ ಅಲ್ಲೊಬ್ಬ ಸ್ತ್ರೀ ಸತ್ತಳೆಂಬುದನ್ನು ನಂಬಲು ಪವಾಡವೇನೂ ಬೇಕಿಲ್ಲ. ನಂಬಲು ಕಷ್ಟವಾಗುವುದು ಆ ವೇಳೆಯ ಹೊಂದಾಣಿಕೆ ಮಾತ್ರ.

ಇದಕ್ಕೆ ಒರೆಗಲ್ಲು ಅದೇ ಪುಸ್ತಕದಲ್ಲಿದೆ. ಬಹುಮಂದಿ ಲೇಖಕರು ಲಾರಾಳ ಟಿಪ್ಪಣಿಯೊಂದನ್ನೇ ಉದ್ಧರಿಸುವುದರಿಂದ, ಪೆಟ್ರಾರ್ಕನು ತನ್ನ ಆಪ್ತರ ಮರಣಗಳನ್ನು ಅಲ್ಲಿ ಸಾಲಾಗಿ ಬರೆಯುತ್ತ ಬಂದನೆಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಅವುಗಳಲ್ಲೊಂದು ಅವನ ಮಗ ಜೊವಾನ್ನಿಯದು. ತಂದೆ ಮಕ್ಕಳಿಗೆ ಸರಿಬೀಳುತ್ತಿರಲಿಲ್ಲ. ಮಗನು 1361ರಲ್ಲಿ ಮಿಲಾನಿನಲ್ಲಿ ಪ್ಲೇಗಿನಿಂದ ಸತ್ತನು. ದಿನಾಂಕವನ್ನು ಬರೆಯುವಾಗ ತಂದೆಯು ತಡವರಿಸುವನು: ಜುಲೈ 10 ಅಥವಾ 9, ಶುಕ್ರವಾರ ಶನಿವಾರಗಳ ನಡುವಣ ಮಧ್ಯರಾತ್ರಿ. ಲೆಕ್ಕ ಹಾಕಿ ನೋಡಿದೆವು. ಆ ವರ್ಷದ ಜುಲೈ 9 ಶುಕ್ರವಾರವೇ ಆಗಿದ್ದಿತು. ಪಾದುವಾದಲ್ಲಿದ್ದ ತನಗೆ ವಾರ್ತೆಯು 14ರ ಸಂಜೆ ಮುಟ್ಟಿತೆಂದೂ ಬರೆದಿರುವನು. ಮಗನು ಬದುಕಿದ್ದಾಗ ಕೊಟ್ಟ ಚಿಂತೆಯನ್ನೂ ಸತ್ತು ಕೊಟ್ಟ ವ್ಯಥೆಯನ್ನೂ ಅವನು ಮರೆಮಾಚಿಲ್ಲ. ಇಲ್ಲಿ ಹೊಂದಿಬರುವ ತಿಥಿಯಿಲ್ಲ, ದೇವಾಲಯವಿಲ್ಲ. ಯಾವ ದಿನವೆಂದು ಖಚಿತವಾಗಿ ಹೇಳಲಾರದೆ, ಎರಡನ್ನೂ ಬರೆದು ಬಿಟ್ಟಿರುವನು.