ದಾರ ನಡೆದ ದಾರಿ

ಸಂಕ್ರಾಂತಿ ಬಂತೆಂದರೆ ಹನ್ನೂರ, ಅಕ್ಕಲಕೋಟ, ಸೊಲ್ಲಾಪುರದ ಕಡೆ ಕರಿ ಸೀರೆಗಳು ಟ್ರಂಕಿನಿಂದ ಹೊರಬೀಳುತ್ತವೆ. ಬೇರೆ ಹಬ್ಬಕ್ಕೆ ಒಲ್ಲೆನ್ನುವ ಬಣ್ಣ ಈ ಹಬ್ಬಕ್ಕೆ ಬೇಕೇ ಬೇಕು. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಜಾತ್ರೆಯೂ ಆಗಲೇ. ಕರಿ ಸೀರೆಗಳಲ್ಲಿ ನನ್ನ ಕಣ್ಣು ಹುಡುಕುವುದು ಕಸೂತಿ ಹಾಕಿದ ಚಂದ್ರಕಾಳಿಯನ್ನು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಸೆರಗಿನ ಬಳಿ ದೊಡ್ಡದಾಗಿ ನಿಂತು, ಒಡಲಿಗೆ ಬರುಬರುತ್ತ ಸಣ್ಣವಾಗುತ್ತವೆ.

ಅದೇ ಜನವರಿಯ ನಡುವಿನಲ್ಲಿ, ಕೆನಡಾದ ಉತ್ತರದ ಇಗ್ಲೂಲಿಕ್‌ನಲ್ಲಿ, ನವೆಂಬರ್ ಕೊನೆಗೆ ಮರೆಯಾದ ಸೂರ್ಯ ಮತ್ತೆ ಮುಖ ತೋರುತ್ತಾನೆ. ಅಲ್ಲಿನ ಇನುಯಿಟ್ ಜನ ಸೂರ್ಯ ಇಳಿಯತೊಡಗಿದಾಗ ಕುಣಿಕೆದಾರವನ್ನು ಬೆರಳಿಗೆ ಸುತ್ತಿ ಆಕೃತಿ ಕಟ್ಟುತ್ತಿದ್ದರು. ಆ ಬಲೆಗೆ ಸಿಕ್ಕಿ ಸೂರ್ಯ ನಿಂತಾನು ಎಂಬ ನಂಬಿಕೆ. ಬ್ಯಾಫಿನ್ ದ್ವೀಪದಲ್ಲಿ ಹುಡುಗರು ಇದನ್ನು ಆಡಬಾರದಿತ್ತು. ಆಡಿದರೆ ಮುಂದೆ ಬೇಟೆಯಲ್ಲಿ ಈಟಿಯ ಹಗ್ಗಕ್ಕೆ ಬೆರಳು ಸಿಕ್ಕಿಕೊಳ್ಳುತ್ತದೆಂಬ ಭಯ. 1883-84ರಲ್ಲಿ ಅಲ್ಲಿದ್ದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್, ಹಿಮಸಾರಂಗ, ಮೊಲಗಳ ಆಕೃತಿಗಳನ್ನು 1888ರಲ್ಲಿ ಅಚ್ಚು ಹಾಕಿಸಿದ. ಆದರೆ ಮುಗಿದ ಚಿತ್ರ ನೋಡಿ ಅದನ್ನು ಮತ್ತೆ ಕಟ್ಟಲು ಬರುವುದಿಲ್ಲ. ಯಾವ ಬೆರಳು ಯಾವ ಎಳೆಯನ್ನು ಎತ್ತಬೇಕು ಎಂದು ಬರೆದಿಡುವ ಕ್ರಮವನ್ನು ಮಾನವಶಾಸ್ತ್ರಜ್ಞರಾದ ರಿವರ್ಸ್ ಮತ್ತು ಹ್ಯಾಡನ್ 1902ರಲ್ಲಿ ರೂಪಿಸಿದ ಮೇಲೇ, 1924ರಲ್ಲಿ ಡೈಮಂಡ್ ಜೆನ್ನೆಸ್ ಆರ್ಕ್‌ಟಿಕ್‌ನ ಆಕೃತಿಗಳ ದೊಡ್ಡ ಸಂಗ್ರಹ ತರಲು ಸಾಧ್ಯವಾಯಿತು.

ಕಸೂತಿಯ ಮಾತೂ ಇದೇ. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಾವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತ ಹೋಗಿ, ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಮರಳಬೇಕು. ನಡುವೆ ಕವಲು ಬಂದರೆ ಅದರ ತುದಿ ಮುಟ್ಟಿ ಬಂದು ಮುಖ್ಯ ಗೆರೆಗೆ ಸೇರಬೇಕು. ಗೋಪುರದ ಪ್ರತಿ ಮೆಟ್ಟಿಲಿಗೂ ಈ ಲೆಕ್ಕ ತಲೆಯಲ್ಲೇ ನಡೆಯುತ್ತಿರಬೇಕು. ಒಂದು ಎಳೆ ತಪ್ಪಿದರೂ ಮರಳುವ ದಾರ ತನ್ನ ಗೆರೆಗೆ ಕೂಡದು. ಸರಿ ಬಂದರೆ ಸೀರೆಯ ಒಳಮೈ ಹೊರಮೈ ಎರಡೂ ಒಂದೇ. ಮುರಗಿ ಎಂಬ ಹೊಲಿಗೆಗೂ ಇದೇ ನಿಯಮ, ಗೆರೆ ಮಾತ್ರ ಅಂಕುಡೊಂಕು.

ಹಾಗಾಗಿ ಕಲಿಯಬಂದ ಹುಡುಗಿಗೆ ನಕ್ಷೆಯ ಪುಸ್ತಕ ಕೊಟ್ಟು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಸೂಜಿ ಎಲ್ಲಿಂದ ಹೊರಟು ಎಲ್ಲಿ ತಿರುಗಿತು ಎಂಬುದನ್ನು ಬಲ್ಲವರ ಪಕ್ಕ ಕೂತು ನೋಡಬೇಕು. ಮಷೀನಿನಲ್ಲಿ ಹೊಲಿದ ಆನೆಯೂ ಆನೆಯೇ, ಆದರೆ ಅದು ಈ ದಾರಿ ನಡೆದದ್ದಲ್ಲ.

ಕೊಳ್ಳುವವರು ಸೆರಗು ಮಗುಚಿ ನೋಡಿ. ಆದರೆ ಹಿಂಬದಿ ಬೇರೆ ಕಂಡಿತೆಂದು ಅವಸರದಲ್ಲಿ ಸೀರೆ ಬಿಡಬೇಡಿ. ನೇಯ್ಗೆಯಂತೆ ಒಂದೇ ದಿಕ್ಕಿಗೆ ಓಡುವ ನೇಗಿಯಲ್ಲಿ, ಅಡ್ಡಹೊಲಿಗೆಯ ಮೆಂತಿಯಲ್ಲಿ ಎರಡು ಮೈ ಒಂದಾಗಿರುವುದಿಲ್ಲ. ಅವೂ ಅಪ್ಪಟ ಕೈಕೆಲಸವೇ.